ತಲೆ ಎಣಿಸದ ಹುಚ್ಚಣ್ಣ

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಹುಚ್ಚಣ್ಣ ಗುಡಾರಗಳ ಹಿಂದಿನ ಬಂಡೆಯ ಮೇಲೆ ಒಂಟಿಗಾಲಿನಲ್ಲಿ ನಿಂತಿದ್ದ. ಎಡಗಾಲು ಬಂಡೆಯ ಮೇಲೆ, ಬಲಗಾಲಿನ ಪಾದ ಎಡ ಮೊಣಕಾಲಿಗೆ ಒತ್ತಿಕೊಂಡಿತ್ತು, ಬಿದಿರು ಕೋಲಿನ ತುದಿ ಕಂಕುಳಲ್ಲಿತ್ತು; ಈ ಭಂಗಿಯಲ್ಲಿ ಅವನು ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲ, ಕುರಿ ಕಾಯುವ ಹುಡುಗನಾಗಿ ಕಲಿತದ್ದು ಅರವತ್ತು ದಾಟಿದ ಮೇಲೂ ಕಾಲು ಮರೆತಿರಲಿಲ್ಲ. ಮೈಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ನೀರು ಅಲ್ಲಿಂದ ಒಂದು ಕೂಗಳತೆ ದೂರದಲ್ಲಿತ್ತು.

ಶಿಬಿರ ನಡೆಸುವ ಫರೀಹಾ, ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಣನೆಲದಲ್ಲೂ ಬೆಟ್ಟದಲ್ಲೂ ಆ ಜಾಕೆಟ್ ಬಿಚ್ಚದವನನ್ನು ನೋಡಿ ಕೇಳಿದ್ದಳು: "ಇಲ್ಲೆಲ್ಲಿ ಮುಳುಗ್ತೀರಾ ಹುಚ್ಚಣ್ಣ?"

"ಬೆಚ್ಚಗೈತೆ ಕಣಮ್ಮಣ್ಣಿ," ಎಂದಿದ್ದ ಅವನು, ಬಹಳ ಯೋಚಿಸಿ. "ಕಂಬ್ಳಿಗೆ ಜೇಬು ಇರ್ನಿಲ್ಲ."

ಆ ಜೇಬುಗಳಲ್ಲಿ ಎಲೆಯಡಿಕೆಯ ಚೀಲ, ಒಂದು ಚಿಮುಟ, ಮುಳ್ಳು ತೆಗೆಯುವ ಸೂಜಿ, ದಾರದುಂಡೆ, ಯಾರೋ ಯಾವಾಗಲೋ ಬೀಳಿಸಿಕೊಂಡ ಒಂಟಿ ಕಿವಿಯೋಲೆ ಇಷ್ಟೂ ಇರುತ್ತಿದ್ದವು. ಕಿವಿಯೋಲೆಯ ಒಡತಿ ಮತ್ತೆ ಬಂದರೆ ಗುರುತು ಹಿಡಿದು ಕೊಡುತ್ತೇನೆಂಬುದು ಅವನ ನಂಬಿಕೆ.

ಕೊರಟಗೆರೆಗೂ ಮಧುಗಿರಿಗೂ ನಡುವೆ, ಮುಖ್ಯ ರಸ್ತೆ ಬಿಟ್ಟು ಒಳಗೆ ಹೋದರೆ, ಗಿಡುಗನ ಗುಂಡು ಎಂಬ ಬೆಟ್ಟ, ಅದರ ಕುರುಚಲು ಕಾಡು, ಕಾಡಿನ ಬುಡದಲ್ಲಿ ಒಂದು ದೊಡ್ಡ ಕೆರೆ. ಕಾಡು ಅರಣ್ಯ ಇಲಾಖೆಯದು, ಕೆರೆಯ ಈಚೆ ದಡದ ಒಂದಿಷ್ಟು ನೆಲ ಶಿಬಿರದ್ದು. ತುಮಕೂರಿನಿಂದ ಜನ ಶನಿವಾರ ಮಧ್ಯಾಹ್ನ ಹೊರಟು ಸಂಜೆಯೊಳಗೆ ಬಂದು, ಗುಡಾರದಲ್ಲಿ ಮಲಗಿ, ಮಾರನೆಯ ದಿನ ಕಯಾಕ್ ಎಂಬ ಇಬ್ಬರು ಕೂರುವ ಪ್ಲಾಸ್ಟಿಕ್ ದೋಣಿಗಳಲ್ಲಿ ಹುಟ್ಟು ಹಾಕುತ್ತ ಆಚೆ ದಡ ಸೇರಿ, ಬೆಟ್ಟ ಹತ್ತಿ ಇಳಿದು ಮರಳುವುದು ಅಲ್ಲಿನ ಕ್ರಮ. ಸಾಲುರಜೆ ಇದ್ದರೆ ಇನ್ನೊಂದು ದಿನ ಉಳಿದು, ಈಚೆಯ ಕಾಲುದಾರಿಯಲ್ಲಿ ಕಾಡಿನೊಳಗೆ ನಡೆದು ಬರುವುದೂ ಉಂಟು. ಫರೀಹಾಳ ತಂದೆ ಗುಲಾಮ್ ಮೊಹಿದ್ದೀನರದು ಶಿರಾದಲ್ಲಿ ಶಾಮಿಯಾನದ ಅಂಗಡಿ; ಗೂಟ, ಹಗ್ಗ, ಕ್ಯಾನ್ವಾಸುಗಳ ನಡುವೆ ಬೆಳೆದವಳಿಗೆ ಗುಡಾರ ಹೊಡೆಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹುಚ್ಚಣ್ಣನನ್ನು ಕೊಟ್ಟವರೂ ಅವರೇ. ಬಕ್ರೀದಿಗೆ ಟಗರು ತರಲು ಬುಕ್ಕಾಪಟ್ಟಣದ ಕಡೆಯ ಹಟ್ಟಿಗೆ ಹೋಗುತ್ತಿದ್ದ ಕಾಲದ ಪರಿಚಯ. ಬೆಟ್ಟಕ್ಕೆ ಒಬ್ಬ ದಾರಿಗಾರ ಬೇಕೆಂದು ಮಗಳು ಕೇಳಿದಾಗ ಅವರು ಹೇಳಿದ್ದು ಇಷ್ಟು: "ದಾರಿ ತಪ್ಪದೋನು ಬೇಕಾ ಬೇಟಾ, ದಾರಿ ತಪ್ಪಿದೋರನ್ನ ಕರ್ಕೊಂಡು ಬರೋನು ಬೇಕಾ? ಎರಡನೇದಾದ್ರೆ ಹುಚ್ಚಣ್ಣ."

ಅವನ ಹೆಸರು ಪಟ್ಟಣದವರಿಗೆ ಸಂಕೋಚ ಹುಟ್ಟಿಸುತ್ತಿತ್ತು. ಸರ್ ಎನ್ನುವರು, ಅಂಕಲ್ ಎನ್ನುವರು, ಕೆಲವರು ಬರೀ ಕೆಮ್ಮುವರು. ಅವನೇ ಸಮಾಧಾನ ಹೇಳಬೇಕಾಗುತ್ತಿತ್ತು. "ಕೂಗ್ರಪ್ಪ, ಬೇಜಾರಿಲ್ಲ. ನಮ್ಮವ್ವನಿಗೆ ಮಕ್ಳು ನಿಲ್ತಿರ್ನಿಲ್ಲ. ಚೆಂದಾಗಿರೋ ಹೆಸ್ರಿಟ್ರೆ ಯಮನ ಕಿವಿಗೆ ಬೀಳ್ತದೆ ಅಂತ ಇಂಗೆ ಇಕ್ಕುದ್ಲು. ನೋಡಿ, ಇನ್ನೂ ಬಂದಿಲ್ಲ ಅವ್ನು."

ಬೆಟ್ಟದ ದಾರಿಗಾರರೆಲ್ಲ ಮುಂದೆ ನಡೆಯುತ್ತಾರೆ. ಹುಚ್ಚಣ್ಣ ಎಲ್ಲರ ಹಿಂದೆ ನಡೆಯುತ್ತಿದ್ದ. ಮುಂದೆ ಹೋಗಲು ಮಧುಗಿರಿಯ ಸುನಿಲ್‌ಕುಮಾರ್ ಇದ್ದ, ಹಗ್ಗ ಕಟ್ಟಿ ಬಂಡೆ ಹತ್ತುವ ತರಬೇತಿ ಪಡೆದ ಗಟ್ಟಿ ಆಳು. ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟು, ಎರಡೂ ಮುಂಗೈಗಳನ್ನು ಅದರ ಮೇಲೆ ಜೋತುಬಿಟ್ಟು, ಪಾದವನ್ನು ಸ್ವಲ್ಪ ಎಳೆದಂತೆ ಇಡುತ್ತ, ಮುಂದಿನವರ ಧೂಳು ತಿನ್ನುತ್ತ ಬರುವ ಹುಚ್ಚಣ್ಣನನ್ನು ನೋಡಿದವರಿಗೆ, ಈತ ಯಾರೋ ದಾರಿಹೋಕ, ಸುಮ್ಮನೆ ಜೊತೆಯಾಗಿದ್ದಾನೆ ಅನ್ನಿಸಬೇಕು. ಆದರೆ ಯಾರಾದರೂ ಹಿಂದುಳಿದರೆ ಅವನ ನಾಲಗೆ ಅಂಗುಳಕ್ಕೆ ತಗುಲಿ 'ಟ್ರ್ರ್' ಎಂದು ಒಂದು ಸದ್ದು ಹೊರಡುತ್ತಿತ್ತು. ತುಮಕೂರಿನ ಒಬ್ಬ ಹಿರಿಯ ವೈದ್ಯೆ ಆ ಸದ್ದಿಗೆ ದಡದಡ ಹತ್ತು ಹೆಜ್ಜೆ ಓಡಿ, ಆಮೇಲೆ ನಿಂತು, "ಏನಪ್ಪಾ, ನನ್ನನ್ನ ಕುರಿ ಅಂದ್ಕೊಂಡ್ಯಾ?" ಎಂದು ಕೇಳಿದ್ದುಂಟು.

"ಛೆ ಛೆ, ಕುರಿಯಾಗಿದ್ರೆ ಇಷ್ಟೊತ್ಗೆ ಮ್ಯಾಲಿರ್ತಿತ್ತು ಕಣಮ್ಮ," ಎಂದ ಹುಚ್ಚಣ್ಣ.

ಇಂಥವನಲ್ಲಿ ಫರೀಹಾಳನ್ನು ಕಾಡುತ್ತಿದ್ದ ಹಠ ಒಂದೇ. ಅವನು ತಲೆ ಎಣಿಸುತ್ತಿರಲಿಲ್ಲ. ಲೆಕ್ಕ ಬಾರದೆ ಅಲ್ಲ. ಗೂಟ, ಹಗ್ಗ, ಹುಟ್ಟು, ತಟ್ಟೆ ಯಾವುದನ್ನಾದರೂ ಕಣ್ಣೋಟದಲ್ಲೇ ಎಣಿಸಿ ಹೇಳುತ್ತಿದ್ದ. ಜೀವವಿರುವ, ತನ್ನ ಕಾವಲಿಗೆ ಬಿದ್ದ ಯಾವುದನ್ನೂ ಎಣಿಸಿ ಬಾಯಲ್ಲಿ ಹೇಳುತ್ತಿರಲಿಲ್ಲ. ಮಕ್ಕಳೆಷ್ಟು ಎಂದು ಕೇಳಿದವರಿಗೆ, "ಮನೆ ತುಂಬ ಅವೆ," ಎನ್ನುವನು. ದೊಡ್ಡಿಯಲ್ಲಿ ಕುರಿಯೆಷ್ಟು ಎಂದರೆ, "ರೊಪ್ಪಕ್ಕೆ ಸರಿಯಾಗವೆ." ಅವನ ಅಪ್ಪ ಒಮ್ಮೆ ಸಂತೆಯಲ್ಲಿ ವ್ಯಾಪಾರಿಯ ಎದುರು ಜಂಬಕ್ಕೆ ಮಂದೆಯ ಲೆಕ್ಕ ಗಟ್ಟಿಯಾಗಿ ಹೇಳಿದ್ದನಂತೆ, ಅದೇ ವಾರ ತೋಳ ನುಗ್ಗಿತಂತೆ.

"ಎಣಿಸಿದ್ದಕ್ಕೆ ತೋಳ ಬಂತಾ ಹುಚ್ಚಣ್ಣ?" ಎಂದು ಫರೀಹಾ ಕೇಳಿದ್ದಳು.

"ಅದಕ್ಕೇ ಬಂತು ಅಂತ ನಾನಂದಿಲ್ಲ. ಯೋಳ್ದಿದ್ರೆ ಬತ್ತಿರ್ನಿಲ್ಲ ಅಂತ ನಮ್ಮವ್ವ ಸಾಯೋಗಂಟ ಅಂದ್ಲು. ಯಾಕೆ ಬೇಕು?"

"ಮತ್ತೆ ಒಬ್ಬರು ತಪ್ಪಿಸಿಕೊಂಡರೆ ಹೆಂಗೆ ಗೊತ್ತಾಗತ್ತೆ ನಿಮಗೆ?"

ಇದಕ್ಕೆ ಅವನ ಉತ್ತರ ಸಿದ್ಧವಾಗಿತ್ತು. ಸಂಜೆ ಮಂದೆ ರೊಪ್ಪಕ್ಕೆ ಬಂದಾಗ ಕುರುಬನಾಗಲಿ ಗೊಲ್ಲನಾಗಲಿ ಕುರಿ ಎಣಿಸುವುದಿಲ್ಲ, ಕಿವಿಗೊಟ್ಟು ನಿಲ್ಲುತ್ತಾನೆ. ಮರಿ ತಪ್ಪಿದ ತಾಯಿ ಅರಚುತ್ತದೆ, ತಾಯಿ ತಪ್ಪಿದ ಮರಿ ಅರಚುತ್ತದೆ. "ಕಳ್ಕೊಂಡೋರು ಕೂಗ್ತಾರೆ ಕಣಮ್ಮಣ್ಣಿ. ಯಾರೂ ಕೂಗ್ನಿಲ್ಲ ಅಂದ್ರೆ ಎಲ್ಲ ಬಂದವೆ." ಮನುಷ್ಯರನ್ನೂ ಅವನು ಹೀಗೆ ಜೋಡಿ ಹಿಡಿದೇ ನೆನಪಿಡುತ್ತಿದ್ದ: ಕನ್ನಡಕದವನ ಜೊತೆ ಕೆಮ್ಮಿನವಳು, ಟೋಪಿಯವನ ಜೊತೆ ಅವನ ಭಾವಮೈದ. ಒಬ್ಬರ ಮುಖದಲ್ಲಿ ಹುಡುಕಾಟ ಕಂಡರೆ ಇನ್ನೊಬ್ಬರು ಹಿಂದಿದ್ದಾರೆ ಎಂದರ್ಥ. ಇದುವರೆಗೆ ಈ ಕ್ರಮ ತಪ್ಪಿರಲಿಲ್ಲ ಎಂಬುದು ಫರೀಹಾಳ ಬಾಯಿ ಕಟ್ಟಿತ್ತು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಆಚೆ ದಡಕ್ಕೆ ಹೋಗುವವರೆಲ್ಲ ಅಡುಗೆಮನೆಯ ಗೋಡೆಯ ಗೂಟದಿಂದ ಒಂದೊಂದು ಲೈಫ್ ಜಾಕೆಟ್ ತೆಗೆದು ತೊಡಬೇಕು, ಬಂದು ಅಲ್ಲೇ ತಗುಲಿಹಾಕಬೇಕು, ಫರೀಹಾ ಗೂಟ ನೋಡಿಕೊಳ್ಳಬೇಕು. "ಗೂಟ ಎಣಿಸ್ಕೋ, ನಂದೇನು ಅಡ್ಡಿಲ್ಲ," ಎಂದ ಹುಚ್ಚಣ್ಣ. ಅವನ ಜಾಕೆಟ್ಟಿನ ಗೂಟ ಮಾತ್ರ ಸದಾ ಖಾಲಿ.

ಚಳಿಗಾಲದ ಆ ಸಾಲುರಜೆಗೆ ಮುಂಚೆ ಅರಣ್ಯ ಇಲಾಖೆಯಿಂದ ಸೂಚನೆ ಬಂತು. ಕಾಡಿಗೆ ಕರೆದೊಯ್ಯುವವನು ಹೊರಡುವಾಗಲೂ ಮರಳಿದಾಗಲೂ ಗೇಟಿನ ಗಾರ್ಡಿನ ಮುಂದೆ ತನ್ನ ಗುಂಪಿನ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಬೇಕು, ಹೇಳದವನನ್ನು ಕಾಡಿನೊಳಗೆ ಬಿಡಕೂಡದು, ಸೋಮವಾರದಿಂದ ಜಾರಿ. ಗಿಡುಗನ ಗುಂಡಿನ ಬಂಡೆ ಸಂದುಗಳಲ್ಲಿ ಕರಡಿ ಇವೆ, ಮಬ್ಬು ಕವಿದರೆ ಅವು ಆಚೆ ದಡಕ್ಕೆ ನೀರಿಗಿಳಿಯುತ್ತವೆ, ಸೂಚನೆಯಲ್ಲಿ ಅರ್ಥವಿತ್ತು. ಫರೀಹಾ ಅದನ್ನು ಹುಚ್ಚಣ್ಣನಿಗೆ ಎರಡು ಸಲ ಬಿಡಿಸಿ ಹೇಳಿದಳು.

"ಸುನಿಲ್ ಯೋಳ್ಲಿ."

"ಹಿಂದಿರೋರು ನೀವು. ಹೇಳಬೇಕಾದ್ದು ನೀವೇ. ಹೇಳದಿದ್ರೆ ಗೇಟಿನಿಂದ ಒಳಗೆ ಬಿಡಲ್ಲ."

ಅವನು ಸ್ವಲ್ಪ ಹೊತ್ತು ಕೋಲಿನಿಂದ ನೆಲ ಕೆದಕಿದ. "ಅಂಗಾದ್ರೆ ಬ್ಯಾಡ ಬುಡು. ಅಡುಗೆಮನೆಗೆ ಸೌದೆ ಒಡ್ಕೊಂಡಿರ್ತೀನಿ."

ಸೌದೆ ಒಡೆಯುವ ಹುಚ್ಚಣ್ಣನನ್ನು ಫರೀಹಾ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲು ನೋಡಿದಳು, ಆಗಲಿಲ್ಲ.

ಶನಿವಾರ ಬಂದವರು ಹದಿನೆಂಟು ಜನ. ಹದಿನೇಳು ಮಂದಿ ತುಮಕೂರಿನ ಒಂದು ಸಹಕಾರ ಬ್ಯಾಂಕಿನವರು ಮತ್ತು ಅವರ ಮನೆಯವರು, ಬಸ್ಸಿನಿಂದ ಇಳಿಯುವಾಗಲೇ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರು. ಉಳಿದ ಒಬ್ಬಳು ಯಶೋದ, ಆಸ್ಪತ್ರೆಯೊಂದರ ನರ್ಸ್, ಐವತ್ತರ ಆಸುಪಾಸು, ಒಬ್ಬಳೇ ಬಂದಿದ್ದಳು. ವರ್ಷಕ್ಕೊಂದು ಸಲ ಹೀಗೆ ಎಲ್ಲಿಗಾದರೂ ಒಬ್ಬಳೇ ಹೋಗುವುದು ತನ್ನ ವ್ರತ ಎಂದು ಫರೀಹಾಳಿಗೆ ಹೇಳಿ, ಗುಡಾರದ ಮುಂದೆ ನೀಲಿ ಪಟ್ಟಿಯ ಚಪ್ಪಲಿ ಬಿಟ್ಟು ಒಳಗೆ ಹೋದವಳು, ಊಟಕ್ಕಷ್ಟೇ ಹೊರಗೆ ಬಂದಳು.

ಭಾನುವಾರ ಮಧ್ಯಾಹ್ನ ಕಯಾಕ್‌ಗಳು ಆಚೆ ದಡಕ್ಕೆ ಹೊರಟವು. ಯಶೋದ ಸುನಿಲನ ಜೊತೆ ಕುಳಿತಳು. ಎಲ್ಲರ ಹಿಂದೆ ಹುಚ್ಚಣ್ಣನ ಹರಿಗೋಲು. ಉದ್ದನೆಯ ಪ್ಲಾಸ್ಟಿಕ್ ದೋಣಿಗಳನ್ನು ಅವನು ಸೌತೆಕಾಯಿ ಎನ್ನುತ್ತಿದ್ದ, ಮೀನುಗಾರರಿಂದ ಕೊಂಡ ಹಳೆಯ ಹರಿಗೋಲು ಬಿಟ್ಟು ಬೇರೊಂದಕ್ಕೆ ಕಾಲಿಡುತ್ತಿರಲಿಲ್ಲ. ಆಚೆ ದಡದಲ್ಲಿ ಜಾಕೆಟ್ ಬಿಚ್ಚಿ ಬಂಡೆಯ ಮೇಲೆ ರಾಶಿ ಹಾಕಿ ಜನ ಬೆಟ್ಟ ಹತ್ತಿದರು. ಈಚೆ ಉಳಿದ ಫರೀಹಾ ಸಂಜೆ ದುರ್ಬೀನಿನಲ್ಲಿ ನೋಡುವಾಗ ಗಾಳಿ ಎದ್ದಿತ್ತು, ಕೆರೆಯ ಮೈ ಸುಕ್ಕುಗಟ್ಟಿತ್ತು, ದೋಣಿಗಳು ಓರೆಯಾಗಿ ಅವಸರದಲ್ಲಿ ಬರುತ್ತಿದ್ದವು. ಎಲ್ಲ ಬಂದು ತಲುಪಿದವು, ಕೊನೆಗೆ ತಿರುತಿರುಗಿ ಹರಿಗೋಲೂ ಬಂತು. ಅವಳು ಗೂಟ ನೋಡಿದಳು. ಒಂದೇ ಒಂದು ಖಾಲಿ, ಹುಚ್ಚಣ್ಣನದು.

"ಎಲ್ಲ ಬಂದ್ರಾ?"

"ಯಾರೂ ಕೂಗ್ನಿಲ್ಲ ಕಣಮ್ಮಣ್ಣಿ," ಎಂದು ಅವನು ಹರಿಗೋಲನ್ನು ಬೋರಲು ಹಾಕಿದ.

ಜನ ಬೂಟು ಬಿಚ್ಚಿ, ಗುಡಾರದ ಮುಂದೆ ಬಿಟ್ಟುಹೋದ ಚಪ್ಪಲಿ ಮೆಟ್ಟಿಕೊಂಡು ಚಹಾಕ್ಕೆ ನಡೆದರು. ಹುಚ್ಚಣ್ಣ ಗುಡಾರಗಳ ಸಾಲಿನಲ್ಲಿ ನಡೆಯುತ್ತ ಬಂದವನು ತುದಿಯ ಗುಡಾರದ ಮುಂದೆ ನಿಂತುಬಿಟ್ಟ. ನೀಲಿ ಪಟ್ಟಿಯ ಚಪ್ಪಲಿ ಮಧ್ಯಾಹ್ನದಿಂದ ಅಲ್ಲೇ ಇದ್ದವು, ಒಂದರ ಪಕ್ಕ ಒಂದು, ಅಂಗುಲ ಕದಲದೆ.

"ಲೇ ಸುನೀಲ," ಎಂದ, ಮೆಲ್ಲಗೆ. "ಈಯಮ್ಮ ಎಲ್ಲಿ?"

"ಬಂದ್ರಲ್ಲ? ಆ ಕಡೆ ದೋಣೀಲಿ…" ಸುನಿಲ್ ಹಿಂತಿರುಗಿ ದೋಣಿಗಳ ಕಡೆ ನೋಡಿದ.

ನಡೆದದ್ದು ಆಮೇಲೆ ಎರಡು ನಿಮಿಷದಲ್ಲಿ ಬಯಲಾಯಿತು. ಮರಳುವಾಗ ಗಾಳಿಗೆ ಹೆದರಿದ ಬ್ಯಾಂಕಿನ ಮ್ಯಾನೇಜರ್ ಸಾಹೇಬರು ತಮ್ಮ ದೋಣಿ ಬಿಟ್ಟು ಸುನಿಲನ ಜೊತೆ ಬಂದು ಕುಳಿತಿದ್ದರು. ಯಶೋದ ಸಾಹೇಬರ ದೋಣಿಗೆ ಹೋಗಿರಬೇಕೆಂದು ಸುನಿಲ್ ತಿಳಿದ. ಸಾಹೇಬರು ಒಂದು ಜಾಕೆಟ್ ಸಾಲದೆಂದು ಬಂಡೆಯ ಮೇಲೆ ಉಳಿದಿದ್ದ ಇನ್ನೊಂದನ್ನೂ ಏರಿಸಿಕೊಂಡಿದ್ದರು. ಅವಳ ಜಾಗದಲ್ಲಿ ಕುಳಿತು, ಅವಳ ಜಾಕೆಟ್ ತೊಟ್ಟು ಬಂದು, ಎರಡನ್ನೂ ಅಚ್ಚುಕಟ್ಟಾಗಿ ಗೂಟಕ್ಕೆ ಹಾಕಿದ್ದರು. ಗೂಟಗಳು ತುಂಬಿದ್ದವು, ಯಾರೂ ಕೂಗಿರಲಿಲ್ಲ. ಫರೀಹಾಳ ಲೆಕ್ಕವೂ ಹುಚ್ಚಣ್ಣನ ಲೆಕ್ಕವೂ ಒಟ್ಟಿಗೇ ಸರಿಬಂದಿದ್ದವು, ಆಚೆ ದಡದಲ್ಲಿ ಒಂದು ಹೆಣ್ಣು ಜೀವ ಉಳಿದಿತ್ತು, ಸೂರ್ಯ ಗುಂಡಿನ ಹಿಂದೆ ಇಳಿದಿದ್ದ.

ಹುಚ್ಚಣ್ಣ ಹರಿಗೋಲಿನತ್ತ ನೋಡಲೂ ಇಲ್ಲ. ಬದುಕಿನಲ್ಲಿ ಮೊದಲ ಸಲ ಸೌತೆಕಾಯಿ ದೋಣಿ ಹತ್ತಿ, ಮುಂದೆ ಕುಳಿತ. ಸುನಿಲ್ ಹಿಂದೆ ಕುಳಿತು ಹುಟ್ಟು ಹಾಕಿದ.

ಯಶೋದ ನೀರಿನ ಅಂಚಿನ ಬಂಡೆಯ ಮೇಲೆ, ಮೊಬೈಲಿನ ಬೆಳಕನ್ನು ಈಚೆ ದಡದ ಕಡೆ ಹಿಡಿದು ಕುಳಿತಿದ್ದಳು. ಇಳಿಯುವಾಗ ಒಂದು ದೊಡ್ಡ ಗುಂಡುಕಲ್ಲಿನ ನೆರಳಿಗೆ ಹೋಗಿ ಒರಗಿದಳಂತೆ. ವಾರವೆಲ್ಲ ರಾತ್ರಿ ಪಾಳಿ ಮಾಡಿದ ಮೈ, ಕಣ್ಣು ಹತ್ತಿಬಿಟ್ಟಿತಂತೆ. ಹುಚ್ಚಣ್ಣ ಅದೇ ಕಲ್ಲಿನ ಈ ಮಗ್ಗುಲಿನಲ್ಲಿ ಕೋಲು ಹೊತ್ತು ದಾಟಿಹೋಗಿದ್ದ. ಹಿಂದಿರುಗಿ ನೋಡುವವರು ಗುಂಪಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅವನೂ ನೋಡಿರಲಿಲ್ಲ.

"ಎದ್ದ ಮ್ಯಾಲೆ ಕೂಗ್ಬಾರ್ದಾ ತಾಯಿ," ಎಂದ ಅವನು.

"ಯಾರನ್ನ ಅಂತ ಕೂಗ್ಲಿ?" ಎಂದಳು ಯಶೋದ. ಆಮೇಲೆ, ಅವನ ಮುಖ ನೋಡಿ, ಸ್ವಲ್ಪ ನಕ್ಕಳು. "ಗೊತ್ತಿರೋದು ನಿಮ್ಮ ಹೆಸರೊಂದೇ. ಕಾಡಲ್ಲಿ ನಿಂತು ಹುಚ್ಚಣ್ಣ ಹುಚ್ಚಣ್ಣ ಅಂದ್ರೆ ಕೇಳಿದೋರು ನನ್ನನ್ನೇ ಕಟ್ಟಿಹಾಕ್ತಿದ್ರು."

ಅವನು ತನ್ನ ಜಾಕೆಟ್ ಬಿಚ್ಚಿ ಅವಳಿಗೆ ತೊಡಿಸಿ ಮುಂದೆ ಕೂರಿಸಿದ. ಮೂವರಿಗೆ ದೋಣಿಯಲ್ಲಿ ಜಾಗವಿರಲಿಲ್ಲ. ಅವರಿಬ್ಬರನ್ನು ಕಳಿಸಿ ತಾನು ಅಲ್ಲೇ ಉಳಿಯುತ್ತೇನೆಂದ. ಸುನಿಲ್ ಒಪ್ಪದಾಗ, "ಲೇ, ಕರಡಿಗೆ ನನ್ನ ವಾಸನೆ ಹಳೇದು ಕಣ್ಲಾ, ಹೋಗು," ಎಂದು ದೋಣಿಯನ್ನು ನೂಕಿಯೇಬಿಟ್ಟ. ಸುನಿಲ್ ಮರಳಿ ಬಂದು ಅವನನ್ನು ಕರೆತರುವ ಹೊತ್ತಿಗೆ ಈಚೆ ದಡದಲ್ಲಿ ದೀಪ ಹತ್ತಿದ್ದವು.

ಫರೀಹಾ ಹೊದಿಸಿದ ಶಾಲು ಹೊದ್ದು ಒಲೆಯ ಮುಂದೆ ಕುಳಿತಿದ್ದ ಯಶೋದಳ ಹತ್ತಿರ ಹುಚ್ಚಣ್ಣ ಬಂದು, ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಬೈಸಿಕೊಳ್ಳಲು ಬಂದವನಂತಿದ್ದ, ಬೈಗುಳ ಸಿಗದೆ ಚಡಪಡಿಸುತ್ತಿದ್ದ. ತಲೆ ಎಣಿಸದ ವಿಷಯವನ್ನು ತಾನೇ ಎತ್ತಿ, ಅಪ್ಪನ ತೋಳದ ಕಥೆಯನ್ನೂ ಅವಳ ಮುಂದಿಟ್ಟ.

"ನಾನು ದಿನಾ ರಾತ್ರಿ ವಾರ್ಡಲ್ಲಿ ಎಣಿಸೋಳು," ಎಂದಳು ಯಶೋದ. "ಪಾಳಿ ಬದಲಾಗುವಾಗ ಒಂದೊಂದು ಹಾಸಿಗೆ ಹತ್ರ ನಿಂತು, ಗಟ್ಟಿಯಾಗಿ."

"ಎಣಿಸಿದ ಮ್ಯಾಲೆ ಒಂದು ಕಮ್ಮಿ ಆದ್ರೆ?"

"ಆಗ್ತಾವೆ." ಅವಳು ಚಹಾದ ಲೋಟ ಕೆಳಗಿಟ್ಟಳು. "ಬೆಳಿಗ್ಗೆ ಮತ್ತೆ ಎಣಿಸ್ತೀವಿ. ಯಾರೂ ಕೇಳೋರಿಲ್ಲದೆ ಬಂದಿರೋ ರೋಗಿಗಳು ಇರ್ತಾರಲ್ಲ ಹುಚ್ಚಣ್ಣ, ಅವರ ಕಡೆಯಿಂದ ಕೂಗೋರು ಯಾರು? ಎಣಿಕೇನೇ ಅವರ ಕೂಗು."

ಅವನು ಒಲೆಯ ಕೊಳ್ಳಿಯನ್ನು ಮುಂದಕ್ಕೆ ನೂಕಿದ. ಮಂದೆಯಲ್ಲಿ ಕೂಗುವ ತಾಯಿಯಿಲ್ಲದ ತಬ್ಬಲಿ ಮರಿಗೆ ಗುರುತಿಗೆಂದು ಬಣ್ಣದ ದಾರ ಕಟ್ಟುವ ಪದ್ಧತಿ ಇತ್ತು, ತಾನು ಅದನ್ನು ಇಲ್ಲಿ ಮರೆತೆ ಎಂದಷ್ಟೇ, ತನಗೆ ತಾನೇ ಹೇಳಿಕೊಂಡಂತೆ ಹೇಳಿ ಎದ್ದುಹೋದ.

ಸೋಮವಾರ ಬೆಳಿಗ್ಗೆ ಕಾಡಿನ ಗೇಟಿನ ಮುಂದೆ ಹದಿನೆಂಟೂ ಜನ ಸೇರಿದರು. ಯಶೋದ ಉಳಿದುಕೊಳ್ಳುವಳೆಂದು ಎಲ್ಲರೂ ಎಣಿಸಿದ್ದರು, ಅವಳು ಬೂಟು ಬಿಗಿದು ಬಂದಿದ್ದಳು. ಬ್ಯಾಂಕಿನ ಹೆಂಗಸರು ಅವಳನ್ನು ನಡುವೆ ಹಾಕಿಕೊಂಡಿದ್ದರು, ಮ್ಯಾನೇಜರ್ ಸಾಹೇಬರು ಅವಳ ನೀರಿನ ಬಾಟಲಿ ಹೊತ್ತಿದ್ದರು. ಗಾರ್ಡು ಸಂಖ್ಯೆ ಕೇಳಿದ. ಸುನಿಲ್ ಬಾಯಿ ತೆರೆಯಬೇಕು, ಹುಚ್ಚಣ್ಣ ಅಡುಗೆಮನೆಯ ಕಡೆಯಿಂದ ಬಂದ. ಕಂಕುಳಲ್ಲಿ ಕೋಲು, ಕೈಯಲ್ಲಿ ಕೊಡಲಿ ಇತ್ತು. ಕೊಡಲಿಯನ್ನು ಗೇಟಿಗೆ ಒರಗಿಸಿದ. ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಒಬ್ಬೊಬ್ಬರ ಮುಖವನ್ನೂ, ಯಶೋದಳ ಮುಖವನ್ನು ತುಸು ಹೆಚ್ಚು ಹೊತ್ತು, ನೋಡಿದ. ಅವನ ಹಣೆಯಲ್ಲಿ ಬೆವರೊಡೆದದ್ದನ್ನು ಫರೀಹಾ ಕಂಡಳು. ಬೇಡ ಬಿಡಿ ಹುಚ್ಚಣ್ಣ ಎನ್ನಲು ಅವಳ ನಾಲಗೆ ಹೊರಳಿತು. ಅಷ್ಟರಲ್ಲಿ ಅವನು ಗಾರ್ಡಿನ ಕಡೆ ತಿರುಗಿ ಸಂಖ್ಯೆ ಹೇಳಿಬಿಟ್ಟ, ಗಟ್ಟಿಯಾಗಿ, ಕೆರೆಯ ಆಚೆಗೂ ಕೇಳುವಂತೆ.

ಗಾರ್ಡು ಬೆರಳಾಡಿಸಿ ನೋಡಿದ. "ಒಂದು ಜಾಸ್ತಿ ಆಯ್ತಲ್ಲ ಯಜಮಾನ್ರೇ? ನೀವಿಬ್ರೂ ಇದಕ್ಕೆ ಸೇರಲ್ಲ, ಬಂದಿರೋ ಜನ ಎಷ್ಟು, ಅಷ್ಟೇ."

"ಗೊತ್ತು. ಬೇಕಂತಲೇ ಒಂದು ಸೇರ್ಸಿವ್ನಿ. ಎಣಿಸಿದ್ದಕ್ಕೆ ಕಣ್ಣು ಬೀಳೋದಾದ್ರೆ ಆ ಒಂದರ ಮ್ಯಾಲೆ ಬೀಳ್ಲಿ."

"ಆ ಒಂದು ಯಾರು?"

ಹುಚ್ಚಣ್ಣ ಕೋಲನ್ನು ಹೆಗಲಿಗೆ ಅಡ್ಡ ಏರಿಸಿ, ಸಾಲಿನ ಹಿಂದಕ್ಕೆ ಹೋಗಿ ನಿಂತ. ಗಾರ್ಡು ಫರೀಹಾಳ ಮುಖ ನೋಡಿದ, ಅವಳು ತಲೆಯಾಡಿಸಿದಳು, ಗೇಟು ತೆರೆಯಿತು.

ಲೋಕದಲ್ಲಿ ಮುಂದೆ ನಡೆಯುವವರ ಹೆಸರು ದಾರಿಗೆ ಉಳಿಯುತ್ತದೆ; ಹಿಂದೆ ನಡೆಯುವವರಿಗೆ ಉಳಿಯುವುದು ಧೂಳು ಮತ್ತು ದಿಗಿಲು. ಅಂಥವರ ನಂಬಿಕೆಗಳನ್ನು ಮೂಢ ಎಂದು ತಳ್ಳಿಹಾಕುವುದು ಸುಲಭ, ಎಷ್ಟೋ ಸಲ ಸರಿಯೂ ಹೌದು. ಆದರೆ ಆ ನಂಬಿಕೆಯ ಸಿಪ್ಪೆ ಸುಲಿದು ನೋಡಿದರೆ ಒಳಗಿರುವುದು, ಒಪ್ಪಿಸಿದ ಜೀವಗಳಲ್ಲಿ ಒಂದನ್ನೂ ಕಳೆದುಕೊಳ್ಳಲಾರೆನೆಂಬ ಭಯ ಒಂದೇ. ಎಣಿಸುವವರದೂ ಅದೇ ಭಯ, ಎಣಿಸದವರದೂ ಅದೇ. ಊಟದ ಎಲೆಯಲ್ಲಿ, ನೆರಳಿನ ಜಾಗದಲ್ಲಿ, ಹೊಗಳಿಕೆಯಲ್ಲಿ ತಮ್ಮನ್ನು ಲೆಕ್ಕಕ್ಕೆ ಹಿಡಿಯದ ಈ ಜನ, ಹೋಗಬಹುದಾದ ಜೀವಗಳ ಲೆಕ್ಕ ಬಂದಾಗ ಮಾತ್ರ ಮರೆಯದೆ ತಮ್ಮನ್ನು ಸೇರಿಸಿಕೊಳ್ಳುತ್ತಾರೆ. ಹದಿನೆಂಟು ಜನರ ಮುಂದೆ ನಿಂತು, ಅರವತ್ತು ವರ್ಷ ಮುಚ್ಚಿಟ್ಟ ಬಾಯನ್ನು ತೆರೆದು, ಹುಚ್ಚಣ್ಣ ಆ ಬೆಳಿಗ್ಗೆ ಹೇಳಿದ್ದು: "ಹತ್ತೊಂಬತ್ತು."